ಹೊಳೆಯಲ್ಲಿ ಮುಳುಗಿದ ಕಾರು ನಿಮ್ಮ ಬಾಗಿಲಿಗೂ ಬಂದೀತು!

ನಮ್ಮ ಕಡೆ ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಅದೇ ಮನುಷ್ಯ ಹಳೇ ಕಾರು ಕೊಳ್ಳಲು ಹೋದರೆ ನೋಡುವುದು ಬಣ್ಣ ಒಂದೇ!

ಜೇವರ್ಗಿಯ ಕಿರಾಣಿ ವ್ಯಾಪಾರಿಯೊಬ್ಬರು ಹೀಗೇ ಬಣ್ಣಕ್ಕೆ ಮರುಳಾದರು. ಎಂಎಚ್ 13 ನಂಬರು, ಅಂದರೆ ಸೊಲ್ಲಾಪುರದ ಗಾಡಿ. ಅಗ್ಗ ಸಿಕ್ಕಿತೆಂದು ಮಗಳ ಮದುವೆಗೆ ಕೂಡಿಟ್ಟ ದುಡ್ಡಿನಲ್ಲಿ ಅರ್ಧ ಸುರಿದರು. ಎರಡು ತಿಂಗಳೂ ಆಗಲಿಲ್ಲ, ಕಿಟಕಿ ಗಾಜು ಏರಲೊಲ್ಲದು, ಹಾರ್ನು ತನ್ನಷ್ಟಕ್ಕೆ ತಾನೇ ಕೂಗಲಿಕ್ಕೆ ಹತ್ತಿತು. ಮಿಸ್ತ್ರಿ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದರೆ ಅಡಿಯಲ್ಲಿ ಒಣಗಿದ ಕೆಸರು.

"ಸಾವ್ಕಾರ, ಈ ಗಾಡಿ ಹೊಳ್ಯಾಗ ಮುಣಗಿ ಎದ್ದು ಬಂದದರಿ" ಅಂದ.

ಯಾವ ಹೊಳೆ, ಯಾವ ವರ್ಷ? ಮಾರಿದವನು ಫೋನೇ ಎತ್ತಲಿಲ್ಲ.

ನೆರೆ ನಮಗೆ ಹೊಸದಲ್ಲ. 2019ರ ಆಗಸ್ಟಿನಲ್ಲಿ ಸಾಂಗ್ಲಿ, ಕೊಲ್ಹಾಪುರ ನೀರಿನಲ್ಲಿ ನಿಂತಿದ್ದವು. 2020ರ ಅಕ್ಟೋಬರಿನಲ್ಲಿ ಉಜನಿಯಿಂದ ಬಿಟ್ಟ ನೀರು ಸೊನ್ನ ಬ್ಯಾರೇಜು ದಾಟಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಮರೆತವರುಂಟೇ? ಇಂಥ ನೀರಿನಲ್ಲಿ ಮುಳುಗಿದ ಗಾಡಿಗೆ ವಿಮಾ ಕಂಪನಿ ಪರಿಹಾರ ಕೊಟ್ಟು ಕೈ ತೊಳೆದುಕೊಂಡರೆ ಗುಜರಿ ಬೆಲೆಗೆ ಅದು ಮಾರಾಟವಾಗುತ್ತದೆ. ಅದನ್ನೇ ತೊಳೆದು, ಒಣಗಿಸಿ, ಸೆಂಟು ಹೊಡೆದು ಮತ್ತೆ ರಸ್ತೆಗೆ ಬಿಡುವವರಿದ್ದಾರೆ. ಇಂಜಿನ್ನನ್ನು ಹೇಗೋ ಓಡಿಸಬಹುದು. ವೈರಿಂಗಿನ ಒಳಗೆ ಹೊಕ್ಕ ತುಕ್ಕು ಮಾತ್ರ ಸುಮ್ಮನೆ ತಿನ್ನುತ್ತಲೇ ಇರುತ್ತದೆ. ಏರ್‌ಬ್ಯಾಗು, ಬ್ರೇಕಿನ ಸೆನ್ಸರು ಅದರ ಮೇಲೇ ನಡೆಯುವಂಥವು. ಇದು ದುಡ್ಡಿನ ಮಾತಷ್ಟೇ ಅಲ್ಲ, ಜೀವದ ಮಾತು.

ಕಂಡುಹಿಡಿಯುವುದು ಹೇಗೆ? ಅದೇ ಮಿಸ್ತ್ರಿ ನನಗೆ ತೋರಿಸಿದ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುತ್ತಿಕೊಂಡಿರುವ ತುದಿಗೆ ಸೋಪು ಮುಟ್ಟಿರುವುದಿಲ್ಲ, ನೀರು ನಿಂತ ಗೆರೆ ಅಲ್ಲೇ ಸಿಗುತ್ತದೆ. ಸೀಟಿನ ಕೆಳಗೆ ಕೈ ಹಾಕಿ ಬೋಲ್ಟು ಸವರಿ ನೋಡಿ. ಸ್ಟೆಪ್ನಿ ಎತ್ತಿ ಗುಂಡಿ ನೋಡಿ. ಗಾಜು ಏರಿಸಿ ಹತ್ತು ನಿಮಿಷ ಒಳಗೆ ಕೂಡಿರಿ. ಸೆಂಟಿನ ವಾಸನೆ ಜೋರಾಗಿದ್ದರೆ ಯಾಕೆಂದು ಕೇಳಿ. ನೀವು ಹೋಗುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೇಳದೆ ಹೋಗಿ. ನೂರಿನ್ನೂರು ಕೊಟ್ಟು ನಿಮ್ಮ ಮಿಸ್ತ್ರಿಯನ್ನೇ ಕರೆದೊಯ್ಯಿರಿ, ಮಾರುವವನ ಮಿಸ್ತ್ರಿಯನ್ನಲ್ಲ. ಹಳೇ ವಿಮಾ ಪಾಲಿಸಿಯನ್ನೂ ಕೇಳಿ. ಅದರಲ್ಲಿ ನೋ ಕ್ಲೇಮ್ ಬೋನಸ್ ಸೊನ್ನೆ ಇದ್ದರೆ ಹಿಂದಿನ ವರ್ಷ ಪರಿಹಾರ ತೆಗೆದುಕೊಂಡಿರಬಹುದು.

ಆಳಂದ, ಅಫಜಲಪುರದವರಿಗೆ ಗಡಿ ಕೂಗಳತೆ ದೂರ. ಆದರೆ ಕಾಗದಕ್ಕೆ ಆ ಗಡಿ ದೊಡ್ಡದು. ಸೊಲ್ಲಾಪುರ ಆರ್‌ಟಿಒದಿಂದ ಎನ್‌ಒಸಿ ಇಲ್ಲದೆ ಕೆಎ 32 ನಂಬರು ಸಿಗುವುದಿಲ್ಲ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳು ಮೀರಿ ಇಲ್ಲಿದ್ದರೆ ಹೊಸ ನಂಬರು ಬೇಕೇ ಬೇಕು, ನಮ್ಮ ರಾಜ್ಯದ ತೆರಿಗೆಯೂ ಬೇರೆ. ಇದನ್ನೆಲ್ಲ ಕೂಡಿಸಿದರೆ ಅಗ್ಗ ಅಗ್ಗವಾಗಿ ಉಳಿಯುತ್ತದೆಯೇ? ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಕೈಗೆ ಬರುವ ತನಕ ಪೈಸೆ ಬಿಚ್ಚಬೇಡಿ. ಛಾಸಿ ನಂಬರನ್ನು ಗಾಡಿಯ ಮೇಲೇ ಓದಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಮಾರುವ ಡೀಲರು ಆರ್‌ಟಿಒ ಅಧಿಕಾರ ಪತ್ರ ಇಟ್ಟಿರಬೇಕೆಂದು ಕೇಂದ್ರದ ನಿಯಮವಿದೆ. "ತೋರಿಸ್ರಿ" ಅನ್ನಲು ನಾಚಿಕೆ ಯಾಕೆ?

ಮಾರುವವರಿಗೂ ಒಂದು ಮಾತು. ಹೆಸರು ಬದಲಾಗದೆ ಗಾಡಿ ಕೊಟ್ಟರೆ ಆಮೇಲಿನ ಅಪಘಾತದ ಪರಿಹಾರ ಆರ್‌ಸಿಯಲ್ಲಿ ಹೆಸರಿದ್ದವರ ತಲೆಗೇ ಬರುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಜೇವರ್ಗಿಯ ಆ ಕಾರು ಈಗ ಅಂಗಡಿಯ ಹಿಂದೆ ನಿಂತಿದೆ. ಮೊನ್ನೆ ಕೊಳ್ಳಲು ಇಬ್ಬರು ಬರುವವರಿದ್ದರು. "ಕೆಸರಿನ ಸುದ್ದಿ ಹೇಳ್ಲೋ ಬ್ಯಾಡೋ?" ಎಂದು ವ್ಯಾಪಾರಿ ನನ್ನನ್ನೇ ಕೇಳಿದರು. ಹೇಳ್ರಿ ಅಂದೆ. ಹೇಳಿದರಂತೆ. ಬಂದವರು ಚಹಾ ಕುಡಿದು ಎದ್ದು ಹೋದರಂತೆ.