ಆಕರ ಸಂಕೇತದಿಂದ ಸಿದ್ಧ ಆವೃತ್ತಿಯವರೆಗೆ: ಕಾರ್ಯಾಚರಣ ವ್ಯವಸ್ಥೆಯ ನಿರ್ಮಾಣ ಮತ್ತು ಸಣ್ಣ ಉದ್ದಿಮೆಗಳು

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಪ್ರದೇಶಗಳ ಫೌಂಡ್ರಿಗಳಿಂದ ಹೊರಡುವ ಎರಕದ ಬಿಡಿಭಾಗವನ್ನು ದೊಡ್ಡ ಖರೀದಿದಾರರು ಕೇವಲ ತೂಕ ನೋಡಿ ಒಪ್ಪಿಕೊಳ್ಳುವುದಿಲ್ಲ. ಅದರ ಹೀಟ್ ನಂಬರ್ ಯಾವುದು, ಆ ಹೀಟ್‌ನ ರಾಸಾಯನಿಕ ಸಂಯೋಜನೆ ಏನು, ಪರೀಕ್ಷಾ ತುಂಡು ಎಷ್ಟು ಎಳೆತವನ್ನು ತಾಳಿತು ಎಂಬ ಪ್ರಮಾಣಪತ್ರವನ್ನು ಕೇಳುತ್ತಾರೆ. ಹತ್ತು ವರ್ಷಗಳ ಬಳಿಕ ಅದೇ ಬಿಡಿಭಾಗ ಮತ್ತೆ ಬೇಕಾದರೆ ಡ್ರಾಯಿಂಗ್ ಹಾಗೂ ಪ್ಯಾಟರ್ನ್ ಯಾರ ವಶದಲ್ಲಿವೆ ಎಂಬುದೂ ವ್ಯವಹಾರದ ಮುಖ್ಯ ಪ್ರಶ್ನೆಯೇ ಆಗಿರುತ್ತದೆ. ಆದರೆ ಆ ಬಿಡಿಭಾಗವನ್ನು ಕೊರೆದು ನಯಗೊಳಿಸುವ ಸಿಎನ್‌ಸಿ ಯಂತ್ರದ ಗಣಕದೊಳಗಿನ ತಂತ್ರಾಂಶದ ಬಗ್ಗೆ ಇಂತಹ ಪ್ರಶ್ನೆಗಳನ್ನು ಕೇಳುವವರು ವಿರಳ.

ತಂತ್ರಾಂಶಕ್ಕೂ ಪ್ಯಾಟರ್ನ್ ಇದೆ, ಹೀಟ್ ನಂಬರ್ ಇದೆ, ಪರೀಕ್ಷೆಯೂ ಇದೆ. ಅದನ್ನು ಆಕರ ಸಂಕೇತದಿಂದ ಮತ್ತೆ ನಿರ್ಮಿಸಬಲ್ಲವನೇ ಯಂತ್ರದ ಆಯುಷ್ಯವನ್ನು ನಿರ್ಧರಿಸಬಲ್ಲ. ಕೇವಲ ಪ್ರತಿಯನ್ನು ಹೊಂದಿದವನು ಮಾರಿದವನ ಕೃಪೆಯನ್ನು ಅವಲಂಬಿಸಬೇಕಾಗುತ್ತದೆ. ಈ ನಿರ್ಮಾಣಕಾರ್ಯ ಹೇಗೆ ನಡೆಯುತ್ತದೆ ಎಂಬುದನ್ನು ವ್ಯಾಪಾರಿಗಳು ಹಾಗೂ ಉತ್ಪಾದಕರು ಸ್ಥೂಲವಾಗಿಯಾದರೂ ತಿಳಿದಿರುವುದು ಅಗತ್ಯ.

ಆಕರ ಸಂಕೇತ ಮತ್ತು ಯಂತ್ರ ಸಂಕೇತ

ಗಣಕದ ಸ್ಮೃತಿ, ಡಿಸ್ಕ್, ಪರದೆ, ಜಾಲ ಇವೆಲ್ಲವನ್ನೂ ನಿಯಂತ್ರಿಸಿ ಇತರ ತಂತ್ರಾಂಶಗಳಿಗೆ ನೆಲೆ ಒದಗಿಸುವುದೇ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್, ಲಿನಕ್ಸ್, ಫ್ರೀಬಿಎಸ್‌ಡಿ ಇದಕ್ಕೆ ನಿದರ್ಶನಗಳು. ಪ್ರೋಗ್ರಾಮರ್‌ಗಳು ಬರೆಯುವ, ಮನುಷ್ಯರು ಓದಿ ತಿದ್ದಬಹುದಾದ ಪಠ್ಯಕ್ಕೆ ಆಕರ ಸಂಕೇತವೆಂದು ಹೆಸರು. ಕಂಪೈಲರ್ ಎಂಬ ತಂತ್ರಾಂಶವು ಅದನ್ನು ಪ್ರೊಸೆಸರ್ ನಡೆಸಬಲ್ಲ ಯಂತ್ರ ಸಂಕೇತವಾಗಿ ಪರಿವರ್ತಿಸುತ್ತದೆ. ಅಂಗಡಿಯಲ್ಲಿ ದೊರೆಯುವ ಸಿದ್ಧ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಇರುವುದು ಈ ಎರಡನೆಯ ರೂಪ ಮಾತ್ರ. ಎರಕ ಕೈಯಲ್ಲಿದ್ದರೂ ಡ್ರಾಯಿಂಗ್ ಇಲ್ಲದ ಸ್ಥಿತಿ ಅದು. ನೋಡಬಹುದು, ಬಳಸಬಹುದು, ಆದರೆ ದೋಷವನ್ನು ಮೂಲದಲ್ಲಿ ತಿದ್ದಲಾಗದು.

ಲಿನಕ್ಸ್‌ನಂತಹ ಮುಕ್ತ ವ್ಯವಸ್ಥೆಗಳ ಆಕರ ಸಂಕೇತವು ಎಲ್ಲರಿಗೂ ಲಭ್ಯ. ಆದರೆ ಆಕರ ಲಭ್ಯವಿದ್ದ ಮಾತ್ರಕ್ಕೆ ಗಣಕದಲ್ಲಿ ಸ್ಥಾಪಿಸಬಹುದಾದ ವ್ಯವಸ್ಥೆ ಸಿದ್ಧವಾಗುವುದಿಲ್ಲ. ಕರ್ನೆಲ್ ಎಂಬ ತಿರುಳು ಒಬ್ಬರದು, ಮೂಲ ಲೈಬ್ರರಿಗಳು ಇನ್ನೊಬ್ಬರವು, ಪರದೆಯ ವ್ಯವಸ್ಥೆ ಮತ್ತೊಬ್ಬರದು. ಇವೆಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಕಟ್ಟಿ, ಪರೀಕ್ಷಿಸಿ, ಒಂದೇ ಫೈಲಿನ ರೂಪದಲ್ಲಿ ಬಿಡುಗಡೆ ಮಾಡುವುದು ಪ್ರತ್ಯೇಕವಾದ ಕಸುಬು.

ನಿರ್ಮಾಣದ ಹಂತಗಳು

ಮೊದಲ ಹಂತವು ಸಾಮಗ್ರಿಗಳ ಪಟ್ಟಿ. ಯಾವ ಘಟಕದ ಯಾವ ಆವೃತ್ತಿ ಎಂಬುದನ್ನು ನಿಗದಿಪಡಿಸಿ, ತಂದ ಪ್ರತಿಯೊಂದು ಆಕರ ಫೈಲಿನ ಚೆಕ್‌ಸಮ್ ಸರಿಹೊಂದುತ್ತದೆಯೇ ಎಂದು ನೋಡಲಾಗುತ್ತದೆ. ಫೈಲಿನ ಸಮಸ್ತ ವಿಷಯದಿಂದ ಗಣಿತದ ಮೂಲಕ ಪಡೆಯುವ ಸಂಖ್ಯೆಯೇ ಚೆಕ್‌ಸಮ್; ಒಂದಕ್ಷರ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ.

ಎರಡನೆಯದು ಉಪಕರಣಗಳ ತಯಾರಿ. ಇಲ್ಲೊಂದು ತೊಡಕಿದೆ. ಕಂಪೈಲರ್ ಸಹ ಒಂದು ತಂತ್ರಾಂಶವಾದ್ದರಿಂದ ಅದನ್ನು ನಿರ್ಮಿಸಲು ಇನ್ನೊಂದು ಕಂಪೈಲರ್ ಬೇಕು. ಹೆಂಚು, ಇಟ್ಟಿಗೆ, ಕುಂಬಾರಿಕೆಗಳಿಗೆ ಹೆಸರಾದ ಖಾನಾಪುರದವರಿಗೆ ಈ ಸಮಸ್ಯೆ ಅಪರಿಚಿತವಲ್ಲ: ಭಟ್ಟಿ ಕಟ್ಟಲು ಸುಟ್ಟ ಇಟ್ಟಿಗೆ ಬೇಕು, ಇಟ್ಟಿಗೆ ಸುಡಲು ಭಟ್ಟಿ ಬೇಕು. ಮೊದಲು ಹಸಿ ಇಟ್ಟಿಗೆಗಳನ್ನೇ ಒಟ್ಟಿ ಸುಟ್ಟು, ಆ ಇಟ್ಟಿಗೆಗಳಿಂದ ಒಳ್ಳೆಯ ಭಟ್ಟಿ ಕಟ್ಟುವಂತೆ, ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರನ್ನು ಮೂರು ಸುತ್ತುಗಳಲ್ಲಿ ನಿರ್ಮಿಸಲಾಗುತ್ತದೆ. ಹಳೆಯ ಕಂಪೈಲರ್ ಮೊದಲ ಪ್ರತಿಯನ್ನೂ, ಅದು ಎರಡನೆಯದನ್ನೂ, ಎರಡನೆಯದು ಮೂರನೆಯದನ್ನೂ ನಿರ್ಮಿಸುತ್ತದೆ. ಕೊನೆಯ ಎರಡು ಪ್ರತಿಗಳು ತಾಳೆಯಾದರೆ ಮಾತ್ರ ಕಾರ್ಯ ಸರಿಯೆಂದು ಪರಿಗಣಿಸಲಾಗುತ್ತದೆ.

ಮೂರನೆಯ ಹಂತದಲ್ಲಿ ಪ್ರತಿ ಘಟಕವನ್ನೂ ಖಾಲಿ, ಶುದ್ಧ ಪರಿಸರದಲ್ಲಿ ಕಂಪೈಲ್ ಮಾಡಿ ಪ್ಯಾಕೇಜ್ ಎಂಬ ಕಟ್ಟನ್ನು ಸಿದ್ಧಪಡಿಸಲಾಗುತ್ತದೆ. ಒಂದು ಪ್ಯಾಕೇಜಿಗೆ ಇನ್ನೊಂದರ ಅವಲಂಬನೆ ಇರುವುದರಿಂದ ಕ್ರಮ ತಪ್ಪುವಂತಿಲ್ಲ. ಪರಿಸರ ಶುದ್ಧವಾಗಿರಬೇಕಾದುದಕ್ಕೆ ಕಾರಣವಿದೆ. ಪ್ರೋಗ್ರಾಮರ್‌ನ ಗಣಕದಲ್ಲಿ ಆಕಸ್ಮಿಕವಾಗಿ ಇದ್ದ ಯಾವುದೋ ಲೈಬ್ರರಿ ಒಳಸೇರಿದರೆ, ಅಲ್ಲಿ ನಡೆದದ್ದು ಗ್ರಾಹಕನ ಗಣಕದಲ್ಲಿ ನಡೆಯದೆ ಹೋಗುತ್ತದೆ.

ನಾಲ್ಕನೆಯದು ಜೋಡಣೆ. ಗಣಕವನ್ನು ಆರಂಭಿಸುವ ಬೂಟ್‌ಲೋಡರ್, ಡಿಸ್ಕನ್ನು ವಿಭಾಗಿಸಿ ಫೈಲುಗಳನ್ನು ಇಳಿಸುವ ಸ್ಥಾಪಕ ತಂತ್ರಾಂಶ ಹಾಗೂ ಪ್ಯಾಕೇಜುಗಳನ್ನು ಸೇರಿಸಿ ಇಮೇಜ್ ಫೈಲನ್ನು ರಚಿಸಲಾಗುತ್ತದೆ. ಪೆನ್ ಡ್ರೈವ್‌ಗೆ ಇಳಿಸಿ ಹೊಸ ಗಣಕದಲ್ಲಿ ಸ್ಥಾಪಿಸುವುದು ಇದನ್ನೇ. ಕೊನೆಯದಾಗಿ ಪರೀಕ್ಷೆ, ಚೆಕ್‌ಸಮ್ ಪ್ರಕಟಣೆ ಮತ್ತು ಡಿಜಿಟಲ್ ಸಹಿ. ತೆರಿಗೆ ವಿವರಗಳನ್ನು ಸಲ್ಲಿಸುವಾಗ ವ್ಯಾಪಾರಿಗಳು ಬಳಸುವ ಡಿಜಿಟಲ್ ಸಹಿಯ ತತ್ವವೇ ಇಲ್ಲಿಯೂ ಅನ್ವಯಿಸುತ್ತದೆ.

ಫ್ರೀಬಿಎಸ್‌ಡಿ ವ್ಯವಸ್ಥೆಯು ಕರ್ನೆಲ್ ಮತ್ತು ಮೂಲ ಉಪಕರಣಗಳನ್ನು ಒಂದೇ ಆಕರ ಸಂಗ್ರಹದಲ್ಲಿ ಇಟ್ಟುಕೊಂಡಿದ್ದು, ಕೆಲವೇ ಆದೇಶಗಳಿಂದ ಸಂಪೂರ್ಣ ಆವೃತ್ತಿಯನ್ನು ಕಟ್ಟುವ ಸೌಲಭ್ಯ ನೀಡುತ್ತದೆ. ಲಿನಕ್ಸ್ ವಿತರಣೆಗಳು ಸಾವಿರಾರು ಪ್ರತ್ಯೇಕ ಸಂಗ್ರಹಗಳಿಂದ ಆಯ್ದು ಕಟ್ಟಬೇಕಾಗುತ್ತದೆ.

ಡೆಬಿಯನ್ ಮತ್ತು ಭಾರತದ ನಿದರ್ಶನ

1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯು ಈ ಕಾರ್ಯದ ಬೃಹತ್ ನಿದರ್ಶನ. ಸ್ವಯಂಸೇವಕರೇ ನಡೆಸುವ ಈ ಯೋಜನೆಯ 13ನೆಯ ಆವೃತ್ತಿಯು 2025ರ ಆಗಸ್ಟ್ 9ರಂದು ಹೊರಬಂದಿತು. ಅದರಲ್ಲಿನ ಪ್ಯಾಕೇಜುಗಳ ಸಂಖ್ಯೆ 69,830. ಸುಮಾರು ಎರಡು ವರ್ಷಗಳಿಗೊಮ್ಮೆ ಬಿಡುಗಡೆ, ಅದಕ್ಕೂ ಮುನ್ನ ಹಲವು ತಿಂಗಳು ಹೊಸ ಬದಲಾವಣೆಗಳಿಗೆ ತಡೆ, ಬಳಿಕ ಐದು ವರ್ಷಗಳ ಸುರಕ್ಷತಾ ತಿದ್ದುಪಡಿಗಳು, ಇದು ಅದರ ಕ್ರಮ. ಸ್ಥಾಪಕ ತಂತ್ರಾಂಶದ ಭಾಷೆಗಳಲ್ಲಿ ಕನ್ನಡವೂ ಒಂದು.

ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ನನ್ನೇ ಆಧಾರವಾಗಿಟ್ಟುಕೊಂಡು ಭಾರತೀಯ ಭಾಷೆಗಳ ಸೌಲಭ್ಯವುಳ್ಳ ‘ಬಾಸ್’ ವ್ಯವಸ್ಥೆಯನ್ನು 2007ರಲ್ಲಿ ಹೊರತಂದಿತು. ಎಲ್ಲವನ್ನೂ ಶೂನ್ಯದಿಂದ ಆರಂಭಿಸದೆ, ಸಿದ್ಧವಾದ ಅಡಿಪಾಯದ ಮೇಲೆ ತಮಗೆ ಬೇಕಾದುದನ್ನು ಕಟ್ಟುವ ಮಾರ್ಗವಿದು.

ಯಂತ್ರಗಳಿಗಾಗಿ ನಿರ್ಮಿತ ಆವೃತ್ತಿಗಳು

ಯಂತ್ರೋದ್ಯಮಕ್ಕೆ ಹೆಚ್ಚು ಹತ್ತಿರವಾದುದು ಲಿನಕ್ಸ್‌ಸಿಎನ್‌ಸಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ ರೂಪಿಸಿದ ಯಂತ್ರ ನಿಯಂತ್ರಕ ತಂತ್ರಾಂಶದಿಂದ ಬೆಳೆದ ಇದು ಮಿಲ್ಲಿಂಗ್ ಯಂತ್ರ, ಲೇಥ್ ಮುಂತಾದವನ್ನು ನಡೆಸಬಲ್ಲದು. ಡೆಬಿಯನ್ ಆಧಾರಿತ ಸಂಪೂರ್ಣ ಸ್ಥಾಪನಾ ಇಮೇಜ್ ರೂಪದಲ್ಲಿಯೇ ದೊರೆಯುತ್ತದೆ. ನಿಯಂತ್ರಕ ಕೆಟ್ಟುಹೋದರೂ ಹಾಸು, ಸ್ಪಿಂಡಲ್‌ಗಳು ಸುಸ್ಥಿತಿಯಲ್ಲಿರುವ ಹಳೆಯ ಯಂತ್ರಕ್ಕೆ ಮರುಜೀವ ಕೊಡಲು ಇದನ್ನು ಬಳಸುವವರಿದ್ದಾರೆ.

ಇದಕ್ಕೆ ಪ್ರತ್ಯೇಕ ಆವೃತ್ತಿ ಏಕೆ ಬೇಕಾಯಿತು? ಮೋಟಾರಿಗೆ ಹೋಗುವ ಸಂಜ್ಞೆ ನಿಗದಿತ ಕಾಲಕ್ಕೆ ತಲುಪಲೇಬೇಕು. ಸಾಮಾನ್ಯ ಕರ್ನೆಲ್ ಬೇರೆ ಕೆಲಸದಲ್ಲಿ ಮಗ್ನವಾಗಿ ಕ್ಷಣಾಂಶ ತಡಮಾಡಿದರೂ ಉಪಕರಣವು ಲೋಹದ ಮೇಲೆ ತಪ್ಪು ಗುರುತು ಮೂಡಿಸುತ್ತದೆ. ಆದ್ದರಿಂದ ನೈಜಕಾಲಿಕ ಗುಣವುಳ್ಳ ಕರ್ನೆಲನ್ನು ಆಕರದಿಂದ ಬೇರೆಯಾಗಿ ಕಟ್ಟಬೇಕಾಗುತ್ತಿತ್ತು. ಹಲವು ವರ್ಷ ಹೊರಗೆ ಬೆಳೆದ ಈ ಬದಲಾವಣೆಗಳನ್ನು 2024ರ ನವೆಂಬರ್‌ನಲ್ಲಿ ಬಂದ 6.12 ಆವೃತ್ತಿಯಿಂದ ಮುಖ್ಯ ಲಿನಕ್ಸ್ ಕರ್ನೆಲ್ ತನ್ನೊಳಗೇ ಸೇರಿಸಿಕೊಂಡಿದೆ.

ಯಂತ್ರದ ಫಲಕ, ಮೀಟರ್, ನಿಯಂತ್ರಣ ಪೆಟ್ಟಿಗೆಗಳಂತಹ ಚಿಕ್ಕ ಸಾಧನಗಳಿಗೆ ಬಿಲ್ಡ್‌ರೂಟ್ ಹಾಗೂ 2010ರಲ್ಲಿ ಆರಂಭವಾದ ಯಾಕ್ಟೊ ಎಂಬ ನಿರ್ಮಾಣ ವ್ಯವಸ್ಥೆಗಳಿವೆ. ಯಾವ ಆಕರವನ್ನು ಎಲ್ಲಿಂದ ತರಬೇಕು, ಹೇಗೆ ತಿದ್ದಬೇಕು, ಹೇಗೆ ಕಂಪೈಲ್ ಮಾಡಬೇಕು ಎಂಬ ವಿಧಾನಗಳನ್ನು ಬರೆದಿಟ್ಟರೆ ಇವು ಕಂಪೈಲರ್‌ನಿಂದ ಇಮೇಜ್‌ವರೆಗೆ ಎಲ್ಲವನ್ನೂ ತಾವೇ ನಿರ್ಮಿಸುತ್ತವೆ. ಯಾಕ್ಟೊ ಬಳಸಲು ಸುಮಾರು 90ರಿಂದ 140 ಗಿಗಾಬೈಟ್ ಖಾಲಿ ಜಾಗವುಳ್ಳ ಸಮರ್ಥ ಗಣಕ ಸಾಕು. ಆದರೆ ಮೊದಲ ನಿರ್ಮಾಣಕ್ಕೆ ಹಲವು ಗಂಟೆಗಳೇ ಹಿಡಿಯಬಹುದು. ಜೊತೆಗೆ ಪರವಾನಗಿಗಳ ಪಟ್ಟಿ ಹಾಗೂ ಘಟಕಗಳ ಪಟ್ಟಿಯನ್ನೂ ಯಾಕ್ಟೊ ಸಿದ್ಧಪಡಿಸಿ ಕೊಡುತ್ತದೆ.

ನಂಬಿಕೆಯ ಪ್ರಶ್ನೆ

ಆಕರ ಮುಕ್ತವಾಗಿದ್ದರೂ ಸಿದ್ಧ ಆವೃತ್ತಿಯು ಅದರಿಂದಲೇ ನಿರ್ಮಿತವಾಗಿದೆ ಎಂಬುದಕ್ಕೆ ಸಾಕ್ಷಿ ಏನು? 2024ರ ಮಾರ್ಚ್‌ನ ಪ್ರಕರಣವೊಂದು ಈ ಪ್ರಶ್ನೆಯ ಗಾಂಭೀರ್ಯವನ್ನು ತೋರಿಸಿತು. ಬಹುತೇಕ ಲಿನಕ್ಸ್ ವ್ಯವಸ್ಥೆಗಳಲ್ಲಿರುವ ‘ಎಕ್ಸ್‌ಜಡ್’ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದು ಅಡಗಿತ್ತು. ಅದನ್ನು ಚಾಲನೆಗೊಳಿಸುವ ಸಾಲುಗಳು ಸಾರ್ವಜನಿಕ ಆಕರ ಸಂಗ್ರಹದಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇದ್ದವು. ದೂರದಿಂದ ಲಾಗಿನ್ ಆಗುವಾಗ ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿರುವುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಇದನ್ನು ಪತ್ತೆಹಚ್ಚಿ ಮಾರ್ಚ್ 29ರಂದು ಬಹಿರಂಗಪಡಿಸಿದರು. ಮುಖ್ಯ ವಿತರಣೆಗಳ ಸ್ಥಿರ ಆವೃತ್ತಿಗಳನ್ನು ಅದು ಸೇರುವ ಮೊದಲೇ ಅಪಾಯ ತಪ್ಪಿತು.

ಇದಕ್ಕೆ ಉತ್ತರವೆಂದು ಬೆಳೆದಿರುವುದು ಪುನರಾವರ್ತನೀಯ ನಿರ್ಮಾಣದ ಪದ್ಧತಿ. ಒಂದೇ ಆಕರದಿಂದ ಇಬ್ಬರು ಬೇರೆ ಬೇರೆ ಸ್ಥಳಗಳಲ್ಲಿ ನಿರ್ಮಿಸಿದರೂ ಕೊನೆಯ ಫೈಲಿನಲ್ಲಿ ಒಂದು ಬಿಟ್‌ನಷ್ಟೂ ವ್ಯತ್ಯಾಸ ಇರಬಾರದೆಂಬುದು ಇದರ ಗುರಿ. ನಿರ್ಮಾಣದ ದಿನಾಂಕ, ಫೋಲ್ಡರಿನ ಹೆಸರು, ಫೈಲುಗಳ ಕ್ರಮ ಇಂತಹ ಅಲ್ಪ ಸಂಗತಿಗಳೇ ವ್ಯತ್ಯಾಸಕ್ಕೆ ಕಾರಣವಾಗುವುದರಿಂದ ಅವುಗಳನ್ನೆಲ್ಲ ಸ್ಥಿರಗೊಳಿಸಬೇಕಾಗುತ್ತದೆ. ಒಂದೇ ತುಂಡನ್ನು ಎರಡು ಪ್ರಯೋಗಾಲಯಗಳಿಗೆ ಕಳುಹಿಸಿ ವರದಿಗಳನ್ನು ತಾಳೆ ನೋಡುವ ಕ್ರಮಕ್ಕೆ ಇದನ್ನು ಹೋಲಿಸಬಹುದು.

ಕಾನೂನು ಮತ್ತು ರಫ್ತು

ಲಿನಕ್ಸ್ ಕರ್ನೆಲ್ ಜಿಪಿಎಲ್ ಎರಡನೆಯ ಆವೃತ್ತಿಯ ಪರವಾನಗಿಗೆ ಒಳಪಟ್ಟಿದೆ. ಲಿನಕ್ಸ್ ಅಡಕವಾದ ಯಂತ್ರವನ್ನು ಮಾರುವವನು ಅದರ ಆಕರ ಸಂಕೇತವನ್ನೂ, ಕಂಪೈಲ್ ಮಾಡಿ ಸ್ಥಾಪಿಸಲು ಬೇಕಾದ ಸ್ಕ್ರಿಪ್ಟ್‌ಗಳನ್ನೂ ಒದಗಿಸಬೇಕು, ಇಲ್ಲವೇ ಕನಿಷ್ಠ ಮೂರು ವರ್ಷ ಊರ್ಜಿತವಾಗಿರುವ ಲಿಖಿತ ಭರವಸೆ ನೀಡಬೇಕು. ಆಮದಾದ ಲಿನಕ್ಸ್ ಬೋರ್ಡನ್ನು ಕೊಂಡು ತಮ್ಮ ಹೈಡ್ರಾಲಿಕ್ ಪ್ರೆಸ್‌ಗೆ ಅಳವಡಿಸಿ ಮಾರುವ ಉತ್ಪಾದಕರಿಗೂ ಈ ಹೊಣೆ ಅನ್ವಯಿಸುತ್ತದೆ. ಬೋರ್ಡ್ ಪೂರೈಸಿದವರಿಂದ ಆಕರವನ್ನು ಪಡೆದಿರದಿದ್ದರೆ ಹೊಣೆ ಇವರ ತಲೆಯ ಮೇಲೆಯೇ ಉಳಿಯುತ್ತದೆ.

ಯುರೋಪಿಗೆ ರಫ್ತು ಮಾಡುವವರು ಇನ್ನೂ ಎಚ್ಚರಿಕೆಯಿಂದಿರಬೇಕು. ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯಿದೆಯು 2024ರ ಡಿಸೆಂಬರ್ 10ರಂದು ಜಾರಿಗೆ ಬಂದಿತು. ದೋಷಗಳ ವರದಿ ನೀಡುವ ಹೊಣೆಗೆ 2026ರ ಸೆಪ್ಟೆಂಬರ್ 11, ಮುಖ್ಯ ಹೊಣೆಗಳಿಗೆ 2027ರ ಡಿಸೆಂಬರ್ 11 ಎಂದು ಕಾಯಿದೆಯು ದಿನಾಂಕಗಳನ್ನು ನಿಗದಿಪಡಿಸಿದೆ. ಡಿಜಿಟಲ್ ಅಂಶಗಳುಳ್ಳ ಉತ್ಪನ್ನಗಳ ತಯಾರಕರು ತಂತ್ರಾಂಶ ಘಟಕಗಳ ಪಟ್ಟಿಯನ್ನು ಇಡಬೇಕು. ಉತ್ಪನ್ನದ ಆಯುಷ್ಯವೇ ಕಡಿಮೆಯಾಗಿದ್ದ ಹೊರತು ಕನಿಷ್ಠ ಐದು ವರ್ಷ ಸುರಕ್ಷತಾ ತಿದ್ದುಪಡಿಗಳನ್ನು ನೀಡಬೇಕು. ಭಾರತದಲ್ಲಿಯೂ ಸರ್ಟ್-ಇನ್ ಸಂಸ್ಥೆಯು ಘಟಕಪಟ್ಟಿಯ ಕುರಿತು ಮಾರ್ಗದರ್ಶಿಯನ್ನು 2024ರಲ್ಲಿ ಪ್ರಕಟಿಸಿತು. ಆವೃತ್ತಿಯನ್ನು ಮತ್ತೆ ನಿರ್ಮಿಸಲಾಗದವನು ತಿದ್ದುಪಡಿಯನ್ನು ನೀಡುವುದಾದರೂ ಹೇಗೆ?

ಇನ್ನೊಂದು ದಿನಾಂಕವನ್ನೂ ಗುರುತಿಟ್ಟುಕೊಳ್ಳಬೇಕು. ಕಾಲವನ್ನು 1970ರಿಂದ ಸೆಕೆಂಡುಗಳಲ್ಲಿ ಎಣಿಸುವ ಹಳೆಯ 32 ಬಿಟ್ ವ್ಯವಸ್ಥೆಗಳ ಎಣಿಕೆಯು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ ಮಿತಿಮೀರುತ್ತದೆ. ಡೆಬಿಯನ್ 13ಕ್ಕಾಗಿ ಈ ದೋಷವನ್ನು 32 ಬಿಟ್ ಎಆರ್‌ಎಂ ಗಣಕಗಳಲ್ಲಿ ನಿವಾರಿಸಲು ಅಪಾರ ಸಂಖ್ಯೆಯ ಪ್ಯಾಕೇಜುಗಳನ್ನು ಮರುನಿರ್ಮಿಸಬೇಕಾಯಿತು. ಹದಿನೈದು, ಇಪ್ಪತ್ತು ವರ್ಷ ದುಡಿಯಬೇಕಾದ ಯಂತ್ರಗಳಿಗೆ ಆ ದಿನ ದೂರದ್ದಲ್ಲ.

ಯಾರಿಗೆ ಎಷ್ಟು ಅಗತ್ಯ?

ರವಿವಾರ ಪೇಟೆಯ ಸಗಟು ವ್ಯಾಪಾರಿಯಾಗಲಿ ಖಾನಾಪುರದ ಹೆಂಚಿನ ಕಾರ್ಖಾನೆಯ ಮಾಲೀಕರಾಗಲಿ ಕಾರ್ಯಾಚರಣ ವ್ಯವಸ್ಥೆಯನ್ನು ತಾವೇ ನಿರ್ಮಿಸಬೇಕಾಗಿಲ್ಲ. ಸಹಿಯುಳ್ಳ ಸಿದ್ಧ ಆವೃತ್ತಿಯನ್ನು ಅಧಿಕೃತ ಮೂಲದಿಂದ ಪಡೆದು ಸ್ಥಾಪಿಸಿದರೆ ಸಾಕು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿವೆ. ಅಂತಹ ಗಣಕಗಳಿಗೆ ಲಿನಕ್ಸ್ ಒಂದು ದಾರಿಯೇ. ಆದರೆ ಲೆಕ್ಕಪತ್ರದ ತಂತ್ರಾಂಶ ವಿಂಡೋಸ್‌ಗೆಂದೇ ರಚಿತವಾಗಿದ್ದರೆ ಮೊದಲು ಒಂದು ಗಣಕದಲ್ಲಿ ಪ್ರಯೋಗಿಸಿ ನೋಡದೆ ಬದಲಾಯಿಸುವುದು ಉಚಿತವಲ್ಲ.

ಯಂತ್ರವನ್ನು ಕೊಳ್ಳುವವರು ಪೂರೈಕೆದಾರರಿಂದ ಕೆಳಗಿನ ವಿಷಯಗಳನ್ನು ಖರೀದಿ ಆದೇಶದಲ್ಲಿಯೇ ಲಿಖಿತವಾಗಿ ಕೇಳುವುದು ಒಳಿತು:

1. ಕಾರ್ಯಾಚರಣ ವ್ಯವಸ್ಥೆಯ ಹೆಸರು, ಆವೃತ್ತಿ ಹಾಗೂ ಘಟಕಗಳ ಪಟ್ಟಿ.
2. ಸುರಕ್ಷತಾ ತಿದ್ದುಪಡಿಗಳು ದೊರೆಯುವ ಕೊನೆಯ ದಿನಾಂಕ.
3. ಸ್ಥಾಪನಾ ಇಮೇಜ್, ಅದರ ಚೆಕ್‌ಸಮ್ ಮತ್ತು ಮರುಸ್ಥಾಪನೆಯ ವಿಧಾನ.
4. ಪೂರೈಕೆದಾರರು ವ್ಯವಹಾರ ನಿಲ್ಲಿಸಿದರೆ ಆಕರ ಹಾಗೂ ನಿರ್ಮಾಣ ಸ್ಕ್ರಿಪ್ಟ್‌ಗಳು ಯಾರಿಗೆ ಸೇರುತ್ತವೆ ಎಂಬ ಷರತ್ತು.

ಯಂತ್ರವನ್ನು ತಯಾರಿಸಿ ಮಾರುವವರಿಗೆ ಮಾತ್ರ ನಿರ್ಮಾಣದ ಸಾಮರ್ಥ್ಯವೇ ಬೇಕು. ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಇಂಜಿನಿಯರ್‌ಗಳನ್ನು ನೇಮಿಸಿಕೊಳ್ಳುವುದು ಸಣ್ಣ ಘಟಕಗಳಿಗೆ ಹೊರೆಯಾಗಬಹುದು. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ಬೆಳಗಾವಿಯಲ್ಲಿದೆ. ಗೋಗಟೆ ತಾಂತ್ರಿಕ ಮಹಾವಿದ್ಯಾಲಯ ಉದ್ಯಮಬಾಗದಲ್ಲಿಯೇ ಇದೆ. ಕೆಲವು ಘಟಕಗಳು ಕೂಡಿ ಒಂದು ಸಾಮಾನ್ಯ ನಿರ್ಮಾಣ ಗಣಕವನ್ನು ಇಟ್ಟುಕೊಂಡು, ಬಿಲ್ಡ್‌ರೂಟ್‌ನಂತಹ ಸರಳ ವ್ಯವಸ್ಥೆಯಿಂದ ವಿದ್ಯಾರ್ಥಿಗಳ ಯೋಜನೆಗಳ ಮೂಲಕ ಆರಂಭಿಸುವುದು ಕೈಗೂಡದ ಮಾತೇನಲ್ಲ. ಕಟ್ಟಿದ ಆವೃತ್ತಿಗೆ ಸಂಖ್ಯೆ ಕೊಟ್ಟು, ಬಳಸಿದ ಆಕರ, ಕಂಪೈಲರ್ ಮತ್ತು ವಿಧಾನಗಳನ್ನು ಅದರೊಂದಿಗೆ ಕಾಪಿಡುವ ಶಿಸ್ತು ಮೊದಲ ದಿನದಿಂದಲೇ ಇರಬೇಕು.

ಪ್ಯಾಟರ್ನ್ ಕಳೆದುಕೊಂಡ ಫೌಂಡ್ರಿಯು ಹಳೆಯ ಗ್ರಾಹಕನ ಆದೇಶವನ್ನು ಸ್ವೀಕರಿಸಲಾರದೆಂಬುದು ಬೆಳಗಾವಿಯ ಉದ್ದಿಮೆದಾರರಿಗೆ ಹೊಸ ಪಾಠವಲ್ಲ. ಪ್ಯಾಟರ್ನ್‌ಗಳನ್ನು ಕಪಾಟಿನಲ್ಲಿ ಹೆಸರು ಬರೆದು ಜೋಪಾನವಾಗಿ ಇಡುವಂತೆಯೇ, ಯಂತ್ರಗಳ ತಂತ್ರಾಂಶದ ಆಕರವನ್ನೂ ನಿರ್ಮಾಣದ ದಾಖಲೆಗಳನ್ನೂ ಇಡುವ ಕಾಲ ಬಂದಿದೆ.