ಗಾಳಿ ನಿಂತ ದಿನ ಎಲ್ ಯೆರೊದಲ್ಲಿ

‘ಒಂದಿಡೀ ದ್ವೀಪ ಗಾಳಿಯಿಂದಲೇ ಕರೆಂಟು ಮಾಡಿಕೊಳ್ಳುತ್ತದಂತೆ. ಗಾಳಿ ನಿಂತ ದಿನ ಏನು ಗತಿ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಆ ದ್ವೀಪ ಎಲ್ ಯೆರೊ. ಆಫ್ರಿಕದ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿರುವ ಸ್ಪೇನಿನ ಕನೇರಿ ದ್ವೀಪಗಳಲ್ಲೊಂದು. ಜನಸಂಖ್ಯೆ ಸುಮಾರು 11,000. ಹಡಗಿನಲ್ಲಿ ಬಂದ ಡೀಸೆಲ್ ಸುಟ್ಟು ದೀಪ ಹಚ್ಚುತ್ತಿದ್ದ ಊರದು. 2014ರಲ್ಲಿ ಒಟ್ಟು 11.5 ಮೆಗಾವಾಟಿನ ಐದು ಗಾಳಿಯಂತ್ರಗಳು ಬಂದವು. ಗಾಳಿ ಜೋರಾಗಿ ಬೀಸಿದರೆ ದ್ವೀಪಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಕರೆಂಟು ಸಿಗುತ್ತದೆ.

ಹೆಚ್ಚಾದದ್ದನ್ನು ಕೂಡಿಡುವುದು ನೀರಿನಲ್ಲಿ. ಸುಮಾರು 700 ಮೀಟರ್ ಎತ್ತರದಲ್ಲಿ, ಆರಿದ ಜ್ವಾಲಾಮುಖಿಯ ಬಾಯಿಯನ್ನೇ ಕೆರೆ ಮಾಡಿದ್ದಾರೆ. ಸಮುದ್ರದ ಹತ್ತಿರ ಇನ್ನೊಂದು ಸಣ್ಣ ಕೆರೆ. ಗಾಳಿ ಇದ್ದಾಗ ಪಂಪುಗಳು ನೀರನ್ನು ಮೇಲಕ್ಕೇರಿಸುತ್ತವೆ. ಗಾಳಿ ಬಿದ್ದಾಗ ಅದೇ ನೀರು ಇಳಿದು ಪೆಲ್ಟನ್ ಟರ್ಬೈನುಗಳನ್ನು ತಿರುಗಿಸುತ್ತದೆ. ನಮ್ಮ ಶರಾವತಿಯಲ್ಲಿ ತಿರುಗುವುದೂ ಇದೇ ಬಗೆಯ ಚಕ್ರ.

ಇಲ್ಲೊಂದು ಲೆಕ್ಕ ಮಾಡಿ ನೋಡಿ. ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕನ್ನು ಆ ಬೆಟ್ಟದ ಮೇಲಿಟ್ಟು, 650 ಮೀಟರ್ ಕೆಳಗೆ ಬರಿದು ಮಾಡಿದರೆ ಎಷ್ಟು ಕರೆಂಟು? ನಷ್ಟ ಕಳೆದು ಸುಮಾರು ಒಂದೂವರೆ ಯೂನಿಟ್. ಒಂದು ಗೀಸರ್ ಒಂದು ಗಂಟೆ ಓಡಲಷ್ಟೇ ಸಾಕು. ಹತ್ತು ಮೀಟರಿನ ನಮ್ಮ ತಾರಸಿಯಿಂದಾದರೆ 9 ವಾಟಿನ ಬಲ್ಬು ಮೂರು ಗಂಟೆ ಉರಿದರೆ ಹೆಚ್ಚು. ಎತ್ತರ ಇಲ್ಲದ ಊರಿಗೆ ಈ ಉಪಾಯ ಒಗ್ಗದು ಎನ್ನುವುದು ಇದಕ್ಕೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಅಲ್ಲಿ ಕೆಲವೊಮ್ಮೆ ನೀರು ಏರುತ್ತಲೂ ಇಳಿಯುತ್ತಲೂ ಇರುತ್ತದೆ, ಎರಡೂ ಒಟ್ಟಿಗೇ! ದುಂದು ಎನಿಸಬಹುದು. ಬೀಸುಕಲ್ಲನ್ನು ನೆನೆಯಿರಿ. ಭಾರದ ಕಲ್ಲು ಒಮ್ಮೆ ತಿರುಗಲು ಹಿಡಿದರೆ, ಮೇಲೊಂದು ಹಿಡಿ ರಾಗಿ ಸುರಿದರೂ ವೇಗ ತಗ್ಗದು. ಹಗುರ ಕಲ್ಲಾದರೆ ತಡವರಿಸುತ್ತದೆ. ಕರೆಂಟಿನ ಜಾಲದಲ್ಲಿ ತಿರುಗುವ ಜನರೇಟರುಗಳೇ ಅಂಥ ಭಾರದ ಕಲ್ಲುಗಳು; ದೊಡ್ಡ ದೇಶದ ಗ್ರಿಡ್‌ನಲ್ಲಿ ಅವು ನೂರಾರು. ಪುಟ್ಟ ದ್ವೀಪದಲ್ಲಿ ಒಂದು ಬಿರುಗಾಳಿ ಬೀಸಿ ತಗ್ಗಿದರೂ ಕರೆಂಟಿನ ಆವರ್ತನ ಸೆಕೆಂಡಿಗೆ 50ರಿಂದ ಜಾರಿಬಿಡುತ್ತದೆ. ಹಾಗಾಗದಂತೆ, ಪಂಪುಗಳು ನೀರೇರಿಸುತ್ತಿದ್ದಾಗಲೂ ಟರ್ಬೈನುಗಳನ್ನು ತಿರುಗಿಸುತ್ತಲೇ ಇರಬೇಕು. ಗಾಳಿಯನ್ನು ಹಿಡಿಯುವುದಕ್ಕಿಂತ ಈ 50ನ್ನು ಹಿಡಿದಿಡುವುದೇ ಕಷ್ಟದ ಕೆಲಸ, ಪತ್ರಿಕೆಗಳ ತಲೆಬರಹದಲ್ಲಿ ಕಾಣದ ಕೆಲಸ.

2019ರ ಬೇಸಗೆಯಲ್ಲಿ ದ್ವೀಪ ಸತತ 24 ದಿನ ಡೀಸೆಲ್ ಮುಟ್ಟಲಿಲ್ಲ. ಜುಲೈ–ಆಗಸ್ಟಿನಲ್ಲಿ ಅಲ್ಲಿ ವಾಣಿಜ್ಯ ಮಾರುತ ಬಿಡದೆ ಬೀಸುತ್ತದೆ. ಆದರೆ 2019ರ ಇಡೀ ವರ್ಷದ ಲೆಕ್ಕ ಹಿಡಿದರೆ ಗಾಳಿ–ನೀರಿನ ಪಾಲು ಅರ್ಧಕ್ಕಿಂತ ತುಸು ಹೆಚ್ಚಿತ್ತು, ಅಷ್ಟೇ. ‘ನೂರಕ್ಕೆ ನೂರು’ ಎಂದು ಬರೆಯುವವರು ಈ ಎರಡನ್ನೂ ಒಟ್ಟಿಗೆ ಹೇಳಬೇಕು.

ಇನ್ನು ಓದುಗರ ಪ್ರಶ್ನೆ. ಕೆಳಗಿನ ಕೆರೆ ಹಿಡಿಸುವುದು 1,50,000 ಘನ ಮೀಟರ್ ನೀರು. ಮೇಲಿನಿಂದ ಅಷ್ಟು ನೀರು ಇಳಿದರೆ ದ್ವೀಪಕ್ಕೆ ಹೆಚ್ಚುಕಡಿಮೆ ಎರಡು ದಿನದ ಕರೆಂಟು. ಮೂರನೆಯ ದಿನವೂ ಗಾಳಿ ಬಾರದಿದ್ದರೆ ಡೀಸೆಲ್ ಎಂಜಿನ್ನೇ ಗತಿ.