ತಾನೇ ಪರಿಚಯ ಹೇಳಿಕೊಳ್ಳುವ ಬಿಡಿಭಾಗ

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಹತ್ತು ಪಥಕ್ಕೆ ಹಿಗ್ಗಿಸುವಾಗ ಕಾಮಗಾರಿಯನ್ನು ಎರಡು ಪಾಲು ಮಾಡಿದ್ದು ನಿಡಘಟ್ಟದಲ್ಲಿ. ಅಲ್ಲಿಂದ ಮದ್ದೂರು ಹತ್ತಿರ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡೂ ಈಗ ದೂರವೆನಿಸುವುದಿಲ್ಲ. ಹಾಗಾಗಿ ಇಂಥ ಊರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆದರೆ ಸಿಪಿಯು ಡಬ್ಬವನ್ನು ಬೈಕಿಗೆ ಕಟ್ಟಿಕೊಂಡು ಹೊರಡಬೇಕೆನಿಸುತ್ತದೆ. ಬಹಳ ಸಲ ಅದು ಬೇಕಿಲ್ಲ. ಸ್ಕ್ರೂಡ್ರೈವರ್ ಹಿಡಿಯಬಲ್ಲವರು ಕೂತಲ್ಲೇ ಮಾಡಿಕೊಳ್ಳಬಹುದಾದ ಕೆಲಸವದು.

ಮೊದಲು ಹೀಗಿರಲಿಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯ ಕಾಲದಲ್ಲಿ ಹೊಸ ಕಾರ್ಡ್ ಹಾಕಬೇಕಾದರೆ ಅದರ ಮೇಲಿನ ಪುಟಾಣಿ ಸ್ವಿಚ್ಚುಗಳನ್ನು ಕೈಯಿಂದಲೇ ಹೊಂದಿಸಬೇಕಿತ್ತು. ಪ್ರೊಸೆಸರ್‌ನ ಗಮನ ಸೆಳೆಯಲು ಪ್ರತಿ ಕಾರ್ಡಿಗೂ ಬೇರೆ ತಂತಿ. ಎರಡು ಕಾರ್ಡಿಗೆ ಒಂದೇ ತಂತಿ ಕೊಟ್ಟರೆ ಎರಡೂ ಕೈಕೊಡುತ್ತಿದ್ದವು. 1995ರ ವಿಂಡೋಸ್ ಹೊತ್ತಿಗೆ ‘ಪ್ಲಗ್ ಅಂಡ್ ಪ್ಲೇ’ ಬಂತು: ಬಿಡಿಭಾಗವೇ ತನ್ನ ಗುರುತನ್ನು ಒಳಗಿಟ್ಟುಕೊಂಡಿರುತ್ತದೆ, ಕಂಪ್ಯೂಟರ್ ಅದನ್ನು ಓದಿ ಜಾಗ ಕೊಡುತ್ತದೆ. 1996ರಲ್ಲಿ ಯುಎಸ್‌ಬಿ ಬಂದಮೇಲಂತೂ ಡಬ್ಬ ತೆರೆಯುವುದೂ ತಪ್ಪಿತು. ಇಂಟೆಲ್‌ನಲ್ಲಿ ಅದರ ಹಿಂದಿದ್ದ ಅಜಯ್ ಭಟ್ ನಮ್ಮ ವಡೋದರಾದವರು.

ರ‍್ಯಾಮ್ ಪಟ್ಟಿಯನ್ನೇ ನೋಡಿ. ಅದರ ಅಂಚಿನಲ್ಲೊಂದು ಕಚ್ಚು ಇದೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನುಗಳೇ, ಆದರೆ ಕಚ್ಚಿನ ಜಾಗ ಬೇರೆ. ಒಂದಕ್ಕೆ 1.2 ವೋಲ್ಟ್, ಇನ್ನೊಂದಕ್ಕೆ 1.1, ತಪ್ಪು ಪಟ್ಟಿ ಕೂರುವುದೇ ಇಲ್ಲ, ಸುಡುವ ಮಾತೆಲ್ಲಿ? ಸರಿಯಾದದ್ದು ಕೂತರೆ ಅದರಲ್ಲಿರುವ ಚಿಕ್ಕ ಚಿಪ್ಪು ‘ನನ್ನ ಅಳತೆ ಇಷ್ಟು, ವೇಗ ಇಷ್ಟು’ ಎಂದು ಯಂತ್ರ ಶುರುವಾದಾಗಲೇ ತಿಳಿಸುತ್ತದೆ. ಪಟ್ಟಿ ಬಿಚ್ಚಿ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರಿಪೇರಿಯವರ ಉಪಾಯಕ್ಕೂ ಅರ್ಥವಿದೆ: ಮಸಿ ಹೋದರೆ ಸಂಪರ್ಕ ಮರಳುತ್ತದೆ.

ಆದರೆ ಹಳೇ ಯಂತ್ರದಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಬದಲಿಸಬೇಕಾದದ್ದು ಅದನ್ನೇ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯ ಮೇಲೆ, ಗ್ರಾಮಫೋನಿನ ಮುಳ್ಳಿನಂತೆ, ಓದುವ ತೋಳು ಸರಿಯಾದ ಜಾಗಕ್ಕೆ ಹೋಗಿ ಮಾಹಿತಿ ಸುತ್ತಿಬರುವವರೆಗೆ ಕಾಯಬೇಕು. ಪ್ರತಿ ಸಲ ಸುಮಾರು 12 ಮಿಲಿಸೆಕೆಂಡು. ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಅಲ್ಲಿ ಕಾಯುವುದು 0.1 ಮಿಲಿಸೆಕೆಂಡಿನಷ್ಟು. ವಿಂಡೋಸ್ ತೆರೆದುಕೊಳ್ಳುವಾಗ ಸಾವಿರಾರು ಚಿಕ್ಕ ಫೈಲುಗಳನ್ನು ಓದುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸಾಟಾ ಎಸ್‌ಎಸ್‌ಡಿಗೆ ಹಾರ್ಡ್ ಡಿಸ್ಕಿನ ಕೇಬಲ್ಲುಗಳೇ ಸಾಕು; ಅವುಗಳ ಬಾಯಿ ಎಲ್ ಆಕಾರದ್ದು, ತಿರುಗುಮುರುಗಾಗಿ ಹೋಗದು. ಫೋಟೊ, ಕಾಗದಪತ್ರಗಳನ್ನು ಮೊದಲೇ ನಕಲು ಮಾಡಿಟ್ಟುಕೊಳ್ಳಿ. ಪ್ಲಗ್ ಕಿತ್ತು, ಡಬ್ಬದ ಲೋಹದ ಭಾಗ ಮುಟ್ಟಿಯೇ ಕೈಹಾಕಿ. ಮೈಯಲ್ಲಿನ ಸ್ಥಿರವಿದ್ಯುತ್ತು ನಮಗೆ ಚುರುಕೆನ್ನಲು 3,000 ವೋಲ್ಟಿನಷ್ಟು ಬೇಕು. ಚಿಪ್ಪು ಹಾಳಾಗಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು.

ಎಲ್ಲವನ್ನೂ ಬಿಡಿಭಾಗ ಉಳಿಸದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ತೀರ ಹಳೇ ಪ್ರೊಸೆಸರ್ ಇದ್ದರೆ ಎಷ್ಟು ರ‍್ಯಾಮ್ ಹಾಕಿಸಿದರೂ ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಅದು ವಿಂಡೋಸ್ 11ಕ್ಕೆ ಲಾಯಕ್ಕಲ್ಲ.

ನನಗೆ ಬೇಸರ ತರಿಸುವುದು ಬೇರೆ ವಿಷಯ. ಇಷ್ಟು ವರ್ಷ ಸುಲಭವಾಗುತ್ತ ಬಂದದ್ದನ್ನು ತೆಳ್ಳನೆಯ ಲ್ಯಾಪ್‌ಟಾಪ್‌ಗಳು ಮತ್ತೆ ಮುಚ್ಚುತ್ತಿವೆ. ರ‍್ಯಾಮನ್ನು ಬೋರ್ಡಿಗೇ ಬೆಸೆದರೆ ದಾರಿ ಗಿಡ್ಡವಾಗಿ ವಿದ್ಯುತ್ ಉಳಿಯುತ್ತದೆ, ನಿಜ. ಆದರೆ ಬಿಚ್ಚಿ ಹಾಕಬಹುದಾದ ಚಪ್ಪಟೆ ಮಾದರಿ ಕ್ಯಾಮ್2ಕ್ಕೂ 2023ರ ಡಿಸೆಂಬರಿನಲ್ಲೇ ಮಾನದಂಡ ಪ್ರಕಟವಾಗಿದೆ. ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವಾಗ ಬೆಲೆಯ ಜೊತೆ ಇದನ್ನೂ ಕೇಳಿ: ರ‍್ಯಾಮ್ ಬಿಚ್ಚಬಹುದೇ, ಎಸ್‌ಎಸ್‌ಡಿ ಬದಲಿಸಬಹುದೇ?